ಚಕ್ರ ತಿರುಗಿಸುವುದೂ ಜೂಜೇ



ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಕಾಯ್ದೆ ನಿಷೇಧಿಸಿದ್ದು ಒಳ್ಳೆಯದೇ ಆಯಿತು. ನಮ್ಮ ರಾಜ್ಯ 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಇದೇ ಪ್ರಯತ್ನ ಮಾಡಿದಾಗ, ಅದರ ಮುಖ್ಯ ಕಲಮುಗಳನ್ನು ಮರುವರ್ಷವೇ ಹೈಕೋರ್ಟ್ ರದ್ದುಪಡಿಸಿತ್ತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ತಕರಾರನ್ನೇ ಹೊಸ ಕಾಯ್ದೆ ಬದಿಗಿಟ್ಟಿದೆ. ಇ-ಕ್ರೀಡೆಗೆ ಮಾನ್ಯತೆಯನ್ನೂ ಕೊಟ್ಟಿದೆ.

ಆದರೆ ನಮ್ಮ ಬೀದಿಯ ಹುಡುಗರ ದುಡ್ಡು ಹೋಗುವ ದಾರಿ ಬೇರೆ. ಸಂಜೆ ದೇವಸ್ಥಾನದ ಜಗಲಿ ಮೇಲೆ ಸಾಲಾಗಿ ಕೂತು, ಫೋನ್ ಅಡ್ಡ ಹಿಡಿದು ಗುಂಡು ಹಾರಿಸುವ ಆಟ ಆಡುತ್ತಾ, 'ಹಿಂದೆ ಒಬ್ಬ ಇದಾನೆ, ರಿವೈವ್ ಮಾಡೋ' ಎಂದು ಕೂಗುತ್ತಿರುತ್ತಾರೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಲಗೋರಿ ಆಡುವಾಗ ನಾವು ಇದಕ್ಕಿಂತ ಜೋರಾಗಿಯೇ ಕಿರುಚುತ್ತಿದ್ದೆವು. ಆದರೆ ಆಟ ಮುಗಿದ ಮೇಲೆ ಪರದೆಯಲ್ಲೊಂದು ಬಣ್ಣದ ಚಕ್ರ ಬರುತ್ತದೆ. ದುಡ್ಡು ಕೊಟ್ಟು ತಿರುಗಿಸಿದರೆ ಬಂದೂಕಿಗೆ ಹೊಸ ಬಣ್ಣ ಸಿಗಬಹುದು, ಸಿಗದೆಯೂ ಇರಬಹುದು. ಗೆದ್ದದ್ದು ನಗದಲ್ಲವಾದ್ದರಿಂದ ಇದು ಜೂಜಲ್ಲವಂತೆ! ಆಟದಲ್ಲಿ ಮಾರುವ ಪೆಟ್ಟಿಗೆಯೊಳಗೆ ಏನಿದೆಯೆಂದು ಹೇಳದೆ ಹಣ ಕೀಳುವ ಇಂಥದೇ ವ್ಯವಹಾರವನ್ನು ಬೆಲ್ಜಿಯಂ 2018ರಲ್ಲೇ ಜೂಜೆಂದು ಪರಿಗಣಿಸಿತು.

ಆಟಗಳನ್ನೇ ನಿಲ್ಲಿಸಿ ಎನ್ನುವವನಲ್ಲ ನಾನು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇದ್ದರೆ ಮಕ್ಕಳು ಅದರಲ್ಲಿ ಚೆಸ್ ಆಡಲಿ. ಆದರೆ ಅಪ್ರಾಪ್ತರು ಆಡುವ ಆಟದಲ್ಲಿ ಈ ಚಕ್ರ ಇರಕೂಡದು. ದೊಡ್ಡವರ ಆಟದಲ್ಲೂ ಬಹುಮಾನ ಸಿಗುವ ಸಾಧ್ಯತೆ ನೂರಕ್ಕೆ ಎಷ್ಟೆಂದು ಕನ್ನಡದಲ್ಲೇ ದಪ್ಪಕ್ಷರದಲ್ಲಿ ತೋರಿಸಬೇಕು. ನಮ್ಮ ಸಂಸದರು ಇದಕ್ಕಾಗಿ ದೆಹಲಿಯಲ್ಲಿ ಒತ್ತಾಯಿಸಲಿ.

– ಒಬ್ಬ ಓದುಗ, ತಿಪಟೂರು