ಅಡ್ಜಸ್ಟ್ ಬೇರೆ, ಡವ್‌ಟೇಲ್ ಬೇರೆ

ಆಫೀಸ್ ಮೀಟಿಂಗಲ್ಲಿ ಈ ಮಾತು ಕೇಳಿರ್ತೀರಿ: ‘ನಮ್ಮ ಪ್ಲಾನ್ ನಿಮ್ಮ ಪ್ಲಾನ್ ಜೊತೆ ಚೆನ್ನಾಗಿ ಡವ್‌ಟೇಲ್ ಆಗುತ್ತೆ.’ ಡವ್ ಅಂದ್ರೆ ಪಾರಿವಾಳ, ಟೇಲ್ ಅಂದ್ರೆ ಬಾಲ. ಪ್ಲಾನಿಗೂ ಪಾರಿವಾಳದ ಬಾಲಕ್ಕೂ ಏನು ಸಂಬಂಧ?

ಸಂಬಂಧ ಇರೋದು ಮರಗೆಲಸದಲ್ಲಿ. ಹಳೇ ಕಾಲದ ಒಳ್ಳೇ ಮೇಜಿನ ಡ್ರಾಯರ್ ಸಿಕ್ಕರೆ ಪೂರ್ತಿ ಹೊರಗೆ ಎಳೆದು ಮೂಲೆ ನೋಡಿ. ಪಕ್ಕದ ಹಲಗೆಯನ್ನು ಬುಡದಲ್ಲಿ ಸಣ್ಣ, ತುದಿಯಲ್ಲಿ ಅಗಲ ಬರುವಂತೆ, ಬಿಚ್ಚಿದ ಬಾಲದ ಹಾಗೆ ಕತ್ತರಿಸಿರ್ತಾರೆ. ಮುಂದಿನ ಹಲಗೆಯಲ್ಲಿ ಅದಕ್ಕೆ ಸರಿಯಾದ ಸಂದು. ಒಮ್ಮೆ ಕೂತರೆ ಎಷ್ಟು ಎಳೆದರೂ ಬಿಟ್ಟು ಬರಲ್ಲ, ಮೊಳೆಯೂ ಬೇಕಿಲ್ಲ. ಜರ್ಮನ್ನರು, ಫ್ರೆಂಚರು ಇದನ್ನೇ ಕವಲುತೋಕೆ ಹಕ್ಕಿಯ ಬಾಲ ಅಂತಾರೆ. ನಾವು ಸಂಬಂಧಕ್ಕೆ ‘ಬೆಸುಗೆ’ ಅನ್ನೋ ಮಾತನ್ನು ಲೋಹದ ಕೆಲಸದಿಂದ ತಂದುಕೊಂಡೆವು. ಇಂಗ್ಲಿಷಿನವರು ಬಡಗಿಯ ಹತ್ತಿರ ಹೋದರು.

ನಮ್ಮ ಸೀಮೆಯ ನಕ್ಷೆಯಲ್ಲೂ ಇಂಥದೊಂದು ಜೋಡಣೆ ಇದೆ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕ ಯಳಂದೂರು ಮೈಸೂರಿನದು. ಅಲ್ಲಿಂದ ಅರ್ಧ ಗಂಟೆ ದಾರಿಯ ಕೊಳ್ಳೇಗಾಲ ಮಾತ್ರ ಮದ್ರಾಸಿನ ಕೊಯಮತ್ತೂರು ಜಿಲ್ಲೆಯದು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಆಡೋ ಮಾತು ಕನ್ನಡ, ಹರಕೆ ಹೊರೋದು ಮಾದಪ್ಪನಿಗೆ. ಸಂದು ಮೊದಲೇ ತಾಳೆಯಾಗಿತ್ತು, ನಕ್ಷೆ ಆಮೇಲೆ ಕೂಡಿತು.

ಮನೆ ವಿಷಯಕ್ಕೆ ಬಂದರೆ ನಮ್ಮ ಬಾಯಲ್ಲಿ ಬರೋದು ಬೇರೆ ಮಾತು: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋಳಮ್ಮ.’ ಬೆಂಗಳೂರಲ್ಲಿ ಐದು ದಿನ ದುಡಿದು, ಶನಿವಾರ ಬಸ್ ಹತ್ತಿ ಹನೂರಿಗೆ ಬಂದ ಸೊಸೆ ಬ್ಯಾಗ್ ಇಟ್ಟು ನೇರ ಅಡುಗೆಮನೆಗೆ ಹೋಗ್ತಾಳೆ. ಅದೇ ಬಸ್ಸಲ್ಲಿ ಬಂದ ಮಗ ‘ಸುಸ್ತಾಗಿದೆ’ ಅಂತ ಮಲಗ್ತಾನೆ. ಇಲ್ಲಿ ಉಳಿ ಬಿದ್ದಿರೋದು ಒಂದೇ ಹಲಗೆಗೆ.

ಡವ್‌ಟೇಲಲ್ಲಿ ಹಾಗಾಗಲ್ಲ. ಎರಡೂ ಹಲಗೆ ಮರ ಕಳಕೊಳ್ಳಬೇಕು, ಅದೂ ಅಳತೆಗೆ. ಜಾಸ್ತಿ ಕೆತ್ತಿದರೆ ಅಲ್ಲಾಡುತ್ತೆ, ಕಮ್ಮಿ ಕೆತ್ತಿ ಬಡಿದು ಕೂರಿಸಿದರೆ ಸೀಳುತ್ತೆ. ಇನ್ನೊಂದು ಗುಟ್ಟು: ಇದು ಬಿಗಿ ಹಿಡಿಯೋದು ಒಂದು ದಿಕ್ಕಿನ ಎಳೆತಕ್ಕೆ. ಜೋಡಿಸಿದ ದಿಕ್ಕಿನಲ್ಲೇ ಹಿಂದಕ್ಕೆ ತಳ್ಳಿದರೆ ಬಿಚ್ಚಿಬರುತ್ತೆ. ಅದಕ್ಕೇ ಎಳೆತ ಎಲ್ಲಿಂದ ಬರುತ್ತೆ ಅಂತ ನೋಡಿಕೊಂಡೇ ಬಾಲ ಯಾವ ಹಲಗೆಗೆ ಅಂತ ಬಡಗಿ ತೀರ್ಮಾನ ಮಾಡೋದು.

ನಮ್ಮ ಮನೆಗಳ ಎಳೆತವೂ ಗೊತ್ತಿರೋದೇ: ಅಪ್ಪನ ಬಿಪಿ ಚೆಕಪ್, ಮಗುವಿನ ಸ್ಕೂಲ್ ರಜೆ, ಇಬ್ಬರಿಗೂ ಒಂದೇ ವಾರ ಬೀಳೋ ಡೆಡ್‌ಲೈನ್. ಈ ಭಾನುವಾರ ಇಬ್ಬರೂ ಕ್ಯಾಲೆಂಡರ್ ತೆಗೆದು ಕೂತ್ಕೊಳ್ಳಿ. ಯಾರು ಯಾವ ದಿನ ರಜೆ ಹಾಕೋದು, ಅಂತ ಮೊದಲೇ ಗುರುತು ಹಾಕಿ. ಬಡಗಿಯೂ ಗೆರೆ ಎಳೆದ ಮೇಲೇ ಉಳಿ ಹಿಡಿಯೋದು.