ಪೆಟ್ಟಿಗೆಯೊಳಗಿನ ದನಿಗಳು

ಮಕ್ಕಳೇ, ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮ್ಮ ಮನೆಯಲ್ಲಿ ಐವತ್ತು ದಾಟಿದವರು ಯಾರಾದರೂ ಇದ್ದರೆ ಅವರ ಹಿಂದೆ ಹೋಗಿ ನಿಂತು, ಮೂಗಿನಲ್ಲಿ ಸ್ವಲ್ಪ ಗಾಂಭೀರ್ಯ ತುಂಬಿಕೊಂಡು ‘ಇಯಂ ಆಕಾಶವಾಣೀ’ ಎನ್ನಿ. ಅವರು ತಿರುಗಿಯೂ ನೋಡದೆ ‘ಸಂಪ್ರತಿ ವಾರ್ತಾಃ ಶ್ರೂಯಂತಾಮ್’ ಎಂದು ಮುಂದುವರಿಸುತ್ತಾರೆ. ‘ಪ್ರವಾಚಕಃ ಬಲದೇವಾನಂದ ಸಾಗರಃ’ ಎನ್ನುವವರೆಗೂ ತಪ್ಪುವುದಿಲ್ಲ. ಅಲ್ಲಿಂದ ಮುಂದೆ ಒಂದಕ್ಷರ ಬಾರದು!

1974ರಲ್ಲಿ ಶುರುವಾದ ಆ ಸಂಸ್ಕೃತ ವಾರ್ತೆ ಬೆಳಿಗ್ಗೆ 6.55ಕ್ಕೆ ಬರುತ್ತಿತ್ತು. ನಮ್ಮ ವೇಣೂರಿನ ಕಡೆ ಅದನ್ನು ವಾರ್ತೆ ಎಂದು ಕೇಳಿದವರು ಬಹಳ ಕಡಿಮೆ, ಗಡಿಯಾರ ಎಂದು ಕೇಳಿದವರೇ ಹೆಚ್ಚು. ಅದು ಕಿವಿಗೆ ಬಿದ್ದಿತೆಂದರೆ ಹಟ್ಟಿಯ ಕೆಲಸ ಮುಗಿದಿರಬೇಕು, ಮಕ್ಕಳು ಬಚ್ಚಲಿನಿಂದ ಹೊರಗೆ ಬಂದಿರಬೇಕು. 7.35ಕ್ಕೆ ದೆಹಲಿಯಿಂದ ಕನ್ನಡ ವಾರ್ತೆ. ‘ಓದುತ್ತಿರುವವರು ಉಪೇಂದ್ರ ರಾವ್’, ಇನ್ನೊಂದು ದಿನ ‘ಓದುತ್ತಿರುವವರು ರಂಗರಾವ್’. ಆ ಹೊತ್ತಿಗೆ ಗಂಜಿಯ ಬಟ್ಟಲು ಖಾಲಿಯಾಗದಿದ್ದರೆ ಶಾಲೆಗೆ ತಡ ಎಂದೇ ಲೆಕ್ಕ. ಎರಡು ಮೂರು ಮೈಲಿ ನಡೆದು ಹೋಗುವ ಕಾಲ ಅದು. ದೆಹಲಿಯಲ್ಲಿ ಕೂತ ಆ ಇಬ್ಬರಿಗೆ ತಾವು ಬೆಳ್ತಂಗಡಿ ತಾಲೂಕಿನ ಎಷ್ಟು ಮಕ್ಕಳನ್ನು ಶಾಲೆಗೆ ಓಡಿಸುತ್ತಿದ್ದೇವೆ ಎಂದು ಗೊತ್ತಿದ್ದಿರಲಾರದು.

ಇದಕ್ಕೆಲ್ಲ ಮೊದಲು, ಬೆಳಗಿನ ಪ್ರಸಾರ ತೆರೆಯುವ ಮುಂಚೆ ಬರುತ್ತಿದ್ದ ತಂಬೂರಿ, ಪಿಟೀಲಿನ ಆ ಮುದ್ರಾಸಂಗೀತ ನೆನಪಿದೆಯೇ? ಅದನ್ನು ಕೂಡಿಸಿದವರು ನಮ್ಮ ದೇಶದವರಲ್ಲ. ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರ. ಹಿಟ್ಲರನ ಕಾಟ ಹೆಚ್ಚುತ್ತಿದ್ದ ಕಾಲದಲ್ಲಿ, 1934ರಲ್ಲಿ, ಯುರೋಪು ಬಿಟ್ಟು ಮುಂಬೈಗೆ ಬಂದವರು. ಊರು ಬಿಟ್ಟು ಬಂದವರೊಬ್ಬರು ಕಟ್ಟಿದ ರಾಗವನ್ನು ಇಡೀ ಭಾರತ ದಿನಾ ಎದ್ದ ಕೂಡಲೆ ಕೇಳಿತು.

ಮಂಗಳೂರು ಆಕಾಶವಾಣಿ ಆರಂಭವಾದದ್ದು 1976ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ನಮಗೆ ಬೆಂಗಳೂರು, ಧಾರವಾಡ, ಭದ್ರಾವತಿಗಳೇ ಗತಿ. ಎಲ್ಲವೂ ಘಟ್ಟದ ಆಚೆಯವು. ದನಿ ಘಟ್ಟ ಇಳಿದು ಬರುವಾಗ ಕರಕರ, ಗೊರಗೊರ ಎಂದು ಸೇರಿಸಿಕೊಂಡೇ ಬರುತ್ತಿತ್ತು. ಮಂಗಳೂರಿನ ಸ್ಟುಡಿಯೋ ಕದ್ರಿ ಗುಡ್ಡೆಯ ಮೇಲೆ. ದನಿಯನ್ನು ಬಿತ್ತರಿಸುವ ಗೋಪುರ ಬ್ರಹ್ಮಾವರದಲ್ಲಿ. ಮುಳ್ಳು ನಿಲ್ಲಬೇಕಾದದ್ದು 1089 ಕಿಲೋಹರ್ಟ್ಸಿನಲ್ಲಿ. ಆ ಜಾಗಕ್ಕೆ ಮನೆಯವರು ಪೆನ್ಸಿಲಿನಿಂದ ಗೀಟು ಹಾಕಿಡುತ್ತಿದ್ದರು. ಹಾಡು ಹುಡುಕಿ ತಿರುಗಿಸಿದ ಮಕ್ಕಳು ಮುಳ್ಳನ್ನು ಗೀಟಿಗೆ ತಂದು ನಿಲ್ಲಿಸದೆ ಎದ್ದರೆ ಬೈಗುಳ ಗ್ಯಾರಂಟಿ.

ಮಂಗಳೂರು ಬಂದದ್ದರಿಂದ ಆದ ದೊಡ್ಡ ಸಂಗತಿ ಬೇರೆಯೇ. ವೇಣೂರಿನ ಹೆಚ್ಚಿನ ಮನೆಗಳಲ್ಲಿ ಮಾತು ತುಳು. ಕೆಲವು ಮನೆಗಳಲ್ಲಿ ಕೊಂಕಣಿ, ಬ್ಯಾರಿ. ಕನ್ನಡವೆಂದರೆ ಶಾಲೆಯ ಭಾಷೆ, ಆಟದ ಕಥೆಯ ಭಾಷೆ, ಕಾಗದ ಪತ್ರದ ಭಾಷೆ. ರೇಡಿಯೋದ ಮುಂದೆ ಕೂತ ಮಗು ಆ ಕನ್ನಡವನ್ನು ಯಾರೂ ಕಲಿಸದೆ ಕಲಿಯಿತು. ಅದೇ ರೇಡಿಯೋ ಒಂದು ಸಂಜೆ ತುಳುವಿನಲ್ಲಿ ಮಾತಾಡಿದಾಗ ಅಜ್ಜಿಯಂದಿರು ಕೆಲಸ ನಿಲ್ಲಿಸಿ ಪೆಟ್ಟಿಗೆಯನ್ನೇ ನೋಡಿದರು. ಸರ್ಕಾರದ ಪೆಟ್ಟಿಗೆಗೆ ತಮ್ಮ ಮಾತು ಬರುತ್ತದೆ ಎಂದು ಅವರು ಎಣಿಸಿಯೇ ಇರಲಿಲ್ಲ. ಓದು ಬರಹ ಬಾರದ ಎಷ್ಟೋ ಹೆಂಗಸರಿಗೆ ಲೋಕದ ಸುದ್ದಿ ಸಿಕ್ಕಿದ್ದು ಹೀಗೆ, ಮೊರದ ಮುಂದೆ ಕೂತು ಬೀಡಿ ಕಟ್ಟುತ್ತಾ. ಕೈ ಎಲೆಯ ಮೇಲೆ, ಕಣ್ಣು ಕತ್ತರಿಯ ಮೇಲೆ, ಕಿವಿ ಮಾತ್ರ ಪೂರ್ತಿ ಖಾಲಿ. ಬೀಡಿ ಕಟ್ಟುವವರಿಗೆ ಟಿವಿ ಪ್ರಯೋಜನವಿಲ್ಲ. ರೇಡಿಯೋ ಅವರಿಗೆಂದೇ ಹುಟ್ಟಿದ ಹಾಗಿತ್ತು.

ರೇಡಿಯೋಗೆ ಆಗ ಲೈಸೆನ್ಸು ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕು. ಅದಕ್ಕಿಂತ ದೊಡ್ಡ ಖರ್ಚು ಸೆಲ್ಲಿನದು. ದನಿ ಸಣ್ಣಗಾಯಿತೆಂದರೆ ಸೆಲ್ಲುಗಳನ್ನು ತೆಗೆದು ಅಂಗಳದಲ್ಲಿ ಬಿಸಿಲಿಗೆ ಇಡುವುದು ನಮ್ಮ ಕೆಲಸ. ಬಿಸಿಯಾದ ಸೆಲ್ಲು ಇನ್ನೆರಡು ದಿನ ಉಸಿರು ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಬಿಸಿಲೆಲ್ಲಿ? ಒಲೆಯ ದಂಡೆಯ ಮೇಲೆ ಇಡುತ್ತಿದ್ದೆವು. (ನೀವು ಹಾಗೆ ಮಾಡಬೇಡಿ, ಸೆಲ್ಲು ಬೆಂಕಿಯ ಹತ್ತಿರ ಸಿಡಿಯಬಹುದು. ನಾವು ಬಚಾವಾದದ್ದು ಅದೃಷ್ಟ.)

ಕತ್ತಲಾದ ಮೇಲೆ ರೇಡಿಯೋದ ಸ್ವಭಾವವೇ ಬದಲು. ಹಗಲು ಎಷ್ಟು ತಿರುಗಿಸಿದರೂ ಸಿಗದ ದೂರದ ನಿಲಯಗಳು ಒಂದೊಂದಾಗಿ ಏಳುತ್ತಿದ್ದವು. ಇದು ಮಾಟವಲ್ಲ. ನಮ್ಮ ತಲೆಯ ಮೇಲೆ ಬಹಳ ಎತ್ತರದಲ್ಲಿ ವಿದ್ಯುದಾವೇಶ ಹೊತ್ತ ಗಾಳಿಯ ಪದರಗಳಿವೆ. ಅವುಗಳಲ್ಲಿ ಕೆಳಗಿನದು ಹಗಲಿನಲ್ಲಿ ಮೀಡಿಯಂ ವೇವ್ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು, ಗೋಡೆಗೆ ಹೊಡೆದ ಚೆಂಡಿನಂತೆ ದೂರ ದೂರಕ್ಕೆ ಬಂದು ಬೀಳುತ್ತವೆ. ಕೇರಂ ಆಡಿದವರಿಗೆ ಬೇಗ ಅರ್ಥವಾಗುತ್ತದೆ.

ಶಾರ್ಟ್‌ವೇವ್‌ನಲ್ಲಿ ಸಿಲೋನ್ ಇತ್ತು. ಬುಧವಾರ ರಾತ್ರಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ. 1952ರಲ್ಲಿ ಶುರುವಾದದ್ದು, ನಮ್ಮ ಅಪ್ಪಂದಿರೂ ಕೇಳಿದ್ದರು, ನಾವೂ ಕೇಳಿದೆವು. ಆದರೆ ಹತ್ತಿರದವರೆನ್ನಿಸಿದ್ದು ಸಿಲೋನಿನ ಕನ್ನಡ ಹಾಡುಗಳನ್ನು ನಡೆಸಿಕೊಡುತ್ತಿದ್ದ ಮೀನಾಕ್ಷಿ ಪೊನ್ನುದೊರೈ. ಸಮುದ್ರದಾಚೆಯ ದ್ವೀಪದಲ್ಲಿ ಕೂತ ಒಬ್ಬರು ಕನ್ನಡ ಸಿನಿಮಾ ಹಾಡು ಹಾಕಿ, ಕೇಳಲು ಬಯಸಿದವರ ಹೆಸರು ಓದುವುದೆಂದರೇನು! ತಮ್ಮ ಊರಿನ ಹೆಸರು ಬಂದೀತೇ ಎಂದು ಕಾರ್ಡು ಹಾಕಿ ತಿಂಗಳುಗಟ್ಟಲೆ ಕಾದವರಿದ್ದಾರೆ.

ಕೆಲವು ದಿನ ಬೆಳಿಗ್ಗೆಯಿಂದ ಹಾಡಿಲ್ಲ, ಹಾಸ್ಯವಿಲ್ಲ, ಬರೀ ಸಾರಂಗಿ, ವೀಣೆ. ಹಿರಿಯರು ಸುಮ್ಮನಾಗಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಾರೋ ದೊಡ್ಡವರು ಹೋದರು ಎಂದು ಸುದ್ದಿಗಿಂತ ಮೊದಲೇ ಗೊತ್ತಾಗುತ್ತಿತ್ತು.

ಎಲ್ಲಕ್ಕಿಂತ ಮಿಗಿಲಾದದ್ದು ಯಕ್ಷಗಾನ, ತಾಳಮದ್ದಳೆಯ ರಾತ್ರಿ. ಆವತ್ತು ರೇಡಿಯೋ ಒಳಗಿನಿಂದ ಜಗಲಿಗೆ ಬರುತ್ತಿತ್ತು. ಅಡಿಕೆ ಸುಲಿಯುವ ಕೆಲಸವನ್ನು ಆ ರಾತ್ರಿಗೇ ಇಟ್ಟುಕೊಳ್ಳುತ್ತಿದ್ದರು. ನೆರೆಮನೆಯವರೂ ಮೆಟ್ಟುಕತ್ತಿ ಹಿಡಿದು ಬಂದು ಕೂರುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರು ವಾದಕ್ಕೆ ಇಳಿದರೆ ಸುಲಿಯುವ ಕೈ ತಾನಾಗಿ ನಿಲ್ಲುತ್ತಿತ್ತು. ಮೂಡುಬಿದಿರೆ ಹತ್ತಿರದ ಮಾರೂರಿನಲ್ಲಿದ್ದ ಬಲಿಪ ನಾರಾಯಣ ಭಾಗವತರು ಪದ ಎತ್ತಿದರೆ, ‘ಇದು ನಮ್ಮವರು’ ಎಂದು ಜಗಲಿಯಲ್ಲಿ ಯಾರಾದರೂ ಹೇಳಲೇಬೇಕು. ವೇಷವಿಲ್ಲ, ಬಣ್ಣವಿಲ್ಲ, ಚೆಂಡೆಯ ಪೆಟ್ಟೂ ಅಂಗೈಯಷ್ಟು ಸ್ಪೀಕರಿನಿಂದ. ಆದರೂ ರಾವಣನ ಕಿರೀಟದ ಎತ್ತರ ನಮಗೆ ಕಾಣುತ್ತಿತ್ತು. ಮಾರನೆಯ ದಿನ ಶಾಲೆಯ ದಾರಿಯಲ್ಲಿ ವಾಲಿ ಸುಗ್ರೀವರ ಅರ್ಥಗಾರಿಕೆ ನಡೆಯುತ್ತಿತ್ತು. ತಪ್ಪು ಕನ್ನಡ ಆಡಿದ ವಾಲಿಯನ್ನು ಜತೆಯವರೇ ತಿದ್ದುತ್ತಿದ್ದರು.

ಟಿವಿ ಬಂದದ್ದು ತಡವಾಗಿ, ಅದೂ ಊರಿನ ಒಂದೆರಡು ಮನೆಗೆ. ಆಂಟೆನಾ ಕಟ್ಟಲು ಅತಿ ಎತ್ತರದ ಅಡಿಕೆ ಮರವೇ ಆಗಬೇಕು. ಗಾಳಿಗೆ ಮರ ತೂಗಿದಂತೆ ರಾಮ, ಲಕ್ಷ್ಮಣರೂ ತೂಗುತ್ತಿದ್ದರು. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ 9.30ಕ್ಕೆ ರಾಮಾಯಣ, ಮರುವರ್ಷ ಗಾಂಧಿ ಜಯಂತಿಯಿಂದ ಮಹಾಭಾರತ. ಟಿವಿ ಇದ್ದ ಮನೆಯ ಚಾವಡಿಯಲ್ಲಿ ಕಾಲಿಡಲು ಜಾಗವಿಲ್ಲ, ಆ ಮನೆಯವರಿಗೆ ಬೆಳಗಿನ ತಿಂಡಿಯಿಲ್ಲ. ಇವೆಲ್ಲ ಎಲ್ಲರೂ ಬರೆದಿದ್ದಾರೆ, ಬಿಡಿ.

ನನಗೆ ಆಗ ಕೊರೆಯುತ್ತಿದ್ದದ್ದು ಒಂದೇ. ರೇಡಿಯೋ ನಮ್ಮ ಹತ್ತಿರ ಕನ್ನಡದಲ್ಲಿ, ತುಳುವಿನಲ್ಲಿ ಮಾತಾಡಿತ್ತು. ಟಿವಿ ದೆಹಲಿಯಿಂದ ಹಿಂದಿಯಲ್ಲೇ ಮಾತಾಡಿತು. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ನಲ್ಲಿ ನಮ್ಮ ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಓಡಾಡಿದ್ದು, ನಾವು ನೋಡಿ ಬಲ್ಲ ಹಂಚಿನ ಮಾಡು, ನಾವು ನೆನೆದ ಮಳೆ. ಬಾಯಿ ತೆರೆದರೆ ಹಿಂದಿ! ಅಜ್ಜಿಯಂದಿರಿಗೆ ಪಕ್ಕದಲ್ಲಿ ಕೂತು ಅರ್ಥ ಹೇಳುವ ಕೆಲಸ ಮಕ್ಕಳಿಗೆ ಬಿತ್ತು. ನಮಗೆ ಗೊತ್ತಿಲ್ಲದ ಕಡೆ ಸ್ವಂತ ಕಥೆ ಸೇರಿಸಿದೆವು.

ಆ ಕೊರತೆಯನ್ನು ಬಡ್ಡಿಸಮೇತ ತೀರಿಸಿದ್ದು ‘ಗುಡ್ಡದ ಭೂತ’. ಸದಾನಂದ ಸುವರ್ಣರು ನಿರ್ದೇಶಿಸಿದ ಧಾರಾವಾಹಿ. ‘ಘಟಶ್ರಾದ್ಧ’ ಸಿನಿಮಾದ ನಿರ್ಮಾಪಕರೂ ಅವರೇ. ಇಂದು ಇಡೀ ದೇಶಕ್ಕೆ ಗೊತ್ತಿರುವ ಪ್ರಕಾಶ್ ರೈ ಅದರಲ್ಲಿ ಇನ್ನೂ ಎಳೆಯ ನಟ. ಕನ್ನಡ ಮಾತು, ತುಳುನಾಡಿನ ಗುಡ್ಡ, ತುಳು ಹಾಡು. ಹಾಡು ಶುರುವಾದರೆ ಮಕ್ಕಳು ದೊಡ್ಡವರ ಬೆನ್ನಿಗೆ ಅಂಟಿಕೊಳ್ಳುತ್ತಿದ್ದರು. ನೋಡಿ ಮುಗಿಸಿ ಕತ್ತಲಲ್ಲಿ ತೋಟ ದಾಟಿ ಮನೆಗೆ ಹೋಗಬೇಕಲ್ಲ! ಸೂಟೆ ಹಿಡಿದವರ ಮುಂದೆಯೂ ಹೋಗುವಂತಿಲ್ಲ, ಹಿಂದೆಯೂ ಉಳಿಯುವಂತಿಲ್ಲ. ನಡುವಿನ ಜಾಗಕ್ಕೆ ಜಗಳ. ಇವತ್ತಿನ ಯಾವ ದೆವ್ವದ ಸಿನಿಮಾಕ್ಕೂ ಆ ತೋಟದ ದಾರಿ ಇಲ್ಲ.

ಇಷ್ಟೆಲ್ಲ ಬರೆದದ್ದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲಿ ಬಿಬಿಸಿ 1963ರಲ್ಲಿ ‘ಡಾಕ್ಟರ್ ಹೂ’ ಎಂಬ ಧಾರಾವಾಹಿ ಆರಂಭಿಸಿತು. ಅಲ್ಲಿನ ಮಕ್ಕಳು ಹೆದರಿ ಸೋಫಾದ ಹಿಂದೆ ಅಡಗಿ ನೋಡಿದ್ದಂತೆ. ಟೇಪು ದುಬಾರಿಯಾದ್ದರಿಂದ ಬಿಬಿಸಿಯವರು ಎಷ್ಟೋ ಕಂತುಗಳನ್ನು ಅಳಿಸಿಬಿಟ್ಟರು. ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇಲ್ಲವೇ ಇಲ್ಲ. ಆದರೆ ಅಷ್ಟರದ್ದೂ ದನಿ ಉಳಿದಿದೆ. ಹೇಗೆ ಗೊತ್ತೇ? ಆಗಿನ ಹುಡುಗರು ಮನೆಯ ಟಿವಿಯ ಎದುರು ಟೇಪ್‌ರೆಕಾರ್ಡರ್ ಇಟ್ಟು ಹಿಡಿದಿಟ್ಟಿದ್ದರು. ದೊಡ್ಡ ಸಂಸ್ಥೆ ಕಳೆದುಕೊಂಡದ್ದನ್ನು ಮಕ್ಕಳು ಉಳಿಸಿದರು.

ನಮ್ಮಲ್ಲೂ ಗಲ್ಫಿನಿಂದ ಬಂದ ಟೇಪ್‌ರೆಕಾರ್ಡರನ್ನು ರೇಡಿಯೋ ಪಕ್ಕ ಇಟ್ಟು ತಾಳಮದ್ದಳೆ ಹಿಡಿದವರು ಬಹಳ ಜನ. ಆ ಕ್ಯಾಸೆಟ್ಟುಗಳು ಈಗ ಅಟ್ಟದಲ್ಲಿ, ಬಿಸ್ಕತ್ತಿನ ಡಬ್ಬದಲ್ಲಿ ಇವೆ. ಶೇಣಿಯವರು 2006ರಲ್ಲಿ ಹೋದರು, ಬಲಿಪರು 2023ರಲ್ಲಿ. ನಮ್ಮ ಮಳೆಗಾಲದ ತೇವಕ್ಕೆ ಕ್ಯಾಸೆಟ್ಟಿನ ರೀಲಿಗೆ ಬಿಳಿ ಬೂಸ್ಟು ಹಿಡಿಯುತ್ತದೆ. ಹಿಡಿದದ್ದನ್ನು ಹಾಗೆಯೇ ಪ್ಲೇಯರಿಗೆ ತುರುಕಬೇಡಿ. ರೀಲೂ ಹಾಳು, ಪ್ಲೇಯರೂ ಹಾಳು. ಬಿಸಿಲಿಗೂ ಇಡಬೇಡಿ, ಅದು ಸೆಲ್ಲಲ್ಲ. ಗೊತ್ತಿದ್ದವರಿಂದ ಶುಚಿ ಮಾಡಿಸಿ ಕಂಪ್ಯೂಟರಿಗೆ ಏರಿಸಬೇಕು. ಈ ಬೇಸಿಗೆ ರಜೆಯಲ್ಲಿ ಅಟ್ಟ ಹತ್ತಿ ಹುಡುಕಿ. ಡಬ್ಬದ ಮೇಲೆ ಯಾರು, ಯಾವ ಪ್ರಸಂಗ ಎಂದು ಬರೆದಿರದಿದ್ದರೆ ದನಿ ಕೇಳಿ ಗುರುತು ಹಿಡಿಯಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಕೇಳಿ ಬರೆದುಕೊಳ್ಳಿ.

ಏರಿಸುವವರು ‘ಸದ್ದು ತೆಗೆದು ಕ್ಲೀನ್ ಮಾಡಿಕೊಡಲೇ?’ ಎಂದು ಕೇಳಬಹುದು. ಅಂಥ ಟೇಪುಗಳಲ್ಲಿ ಭಾಗವತರ ಪದದ ಹಿಂದೆ ಹಂಚಿನ ಮೇಲೆ ಮಳೆ ಬೀಳುವುದು, ಅಡಿಕೆ ಬುಟ್ಟಿಗೆ ಬೀಳುವುದು, ಯಾರೋ ಕೆಮ್ಮುವುದು, ‘ಸುಮ್ಮನಿರು ಮಾರಾಯ’ ಎಂದು ಗದರುವುದು ಕೇಳಿಸುತ್ತದೆ. ಕೆಮ್ಮಿದವರು ನಿಮ್ಮ ಮುತ್ತಜ್ಜ ಇರಬಹುದು. ಹಾಗೆಯೇ ಇರಲಿ ಎನ್ನಿ.