ಉತ್ತರದ ಮರೆಯಲ್ಲಿರುವ ಮಾರಾಟಗಾರ

ಮನೆಯ ನೀರು ಶುದ್ಧೀಕರಣ ಯಂತ್ರ ಕೆಟ್ಟಿತು. ರಿಪೇರಿಗೆ ಬಂದವರು ಹೊಸದನ್ನೇ ಕೊಳ್ಳುವುದು ಲೇಸೆಂದು ಹೇಳಿಹೋದರು. ಬೆಂಗಳೂರಿನ ನೀರಿಗೆ ಯಾವ ಯಂತ್ರ ಸೂಕ್ತವೆಂದು ಗೂಗಲ್‌ನಲ್ಲಿ ಕೇಳಿದೆ. ಪುಟದ ಮೇಲ್ಭಾಗದಲ್ಲೇ ಕೃತಕ ಬುದ್ಧಿಮತ್ತೆ ಸಿದ್ಧಪಡಿಸಿದ ಅಚ್ಚುಕಟ್ಟಾದ ಉತ್ತರ ಮೂಡಿತು. ಮೂರು ಹೆಸರುಗಳು, ಮೊದಲನೆಯದಕ್ಕೆ ವಿಶೇಷ ಪ್ರಶಂಸೆ. ಸರ್ಕಾರಿ ಕಡತಗಳ ನಡುವೆ ಮೂರು ದಶಕ ಕಳೆದ ನನಗೆ ಲಗತ್ತುಗಳನ್ನು ನೋಡದೆ ಟಿಪ್ಪಣಿಗೆ ಸಹಿ ಹಾಕುವ ಅಭ್ಯಾಸವಿಲ್ಲ. ಉತ್ತರದ ಪಕ್ಕದಲ್ಲಿದ್ದ ಆಕರಗಳನ್ನು ಒಂದೊಂದಾಗಿ ತೆರೆದೆ. ಮೊದಲ ಸ್ಥಾನ ಪಡೆದ ಯಂತ್ರಕ್ಕೆ ಆಧಾರವಾಗಿದ್ದುದು, ಅದನ್ನು ತಯಾರಿಸುವ ಕಂಪನಿಯೇ ತನ್ನ ಜಾಲತಾಣದಲ್ಲಿ ಪ್ರಕಟಿಸಿದ್ದ ‘ಹತ್ತು ಅತ್ಯುತ್ತಮ ಯಂತ್ರಗಳು’ ಎಂಬ ಪಟ್ಟಿ!

ಇದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಗೂಗಲ್ ಈ ಸಾರಾಂಶ ಉತ್ತರಗಳನ್ನು 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ ಆಗಸ್ಟ್‌ನಲ್ಲಿ ಭಾರತದಲ್ಲಿಯೂ ಆರಂಭಿಸಿತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2025ರ ಮಾರ್ಚ್ ತಿಂಗಳ ಹುಡುಕಾಟಗಳನ್ನು ವಿಶ್ಲೇಷಿಸಿದಾಗ, ಸಾರಾಂಶ ಕಾಣಿಸಿಕೊಂಡ ನೂರು ಸಂದರ್ಭಗಳಲ್ಲಿ ಜನರು ಕೆಳಗಿನ ಕೊಂಡಿಗಳನ್ನು ಒತ್ತಿದ್ದು ಕೇವಲ 8ರಲ್ಲಿ, ಸಾರಾಂಶವಿಲ್ಲದಾಗ 15ರಲ್ಲಿ. ಸಾರಾಂಶದೊಳಗಿನ ಆಕರಗಳನ್ನು ತೆರೆದು ನೋಡಿದ್ದು ನೂರಕ್ಕೆ ಒಂದು ಬಾರಿ ಮಾತ್ರ. ಹೀಗಾಗಿ ಉತ್ತರದಲ್ಲಿ ಹೆಸರಿಲ್ಲದ ಸರಕು ಅನೇಕ ಗ್ರಾಹಕರ ಪಾಲಿಗೆ ಮಾರುಕಟ್ಟೆಯಲ್ಲೇ ಇಲ್ಲ. ಆ ಹೆಸರನ್ನು ಅಲ್ಲಿ ಸೇರಿಸಿಕೊಡುವುದೇ ಈಗ ಒಂದು ಉದ್ಯಮ. ‘ಜನರೇಟಿವ್ ಎಂಜಿನ್ ಆಪ್ಟಿಮೈಸೇಷನ್’ ಎಂಬುದು ಅದರ ಭಾರವಾದ ಹೆಸರು, ಬಳಕೆಯಲ್ಲಿ ‘ಜಿಇಒ’.

ಈ ಹೆಸರನ್ನು ಪ್ರಚುರಪಡಿಸಿದ 2023ರ ಸಂಶೋಧನಾ ಪ್ರಬಂಧದ ಲೇಖಕರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರೊಂದಿಗೆ ನಮ್ಮ ದೆಹಲಿ ಐಐಟಿಯವರೂ ಇದ್ದರು. ಅವರು ಕಂಡುಕೊಂಡದ್ದು ಕುತೂಹಲಕರ. ಒಂದೇ ಪದವನ್ನು ಪುಟದ ತುಂಬ ತುರುಕುವ ಹಳೆಯ ತಂತ್ರದಿಂದ ಇಲ್ಲಿ ಹೆಚ್ಚೇನೂ ಪ್ರಯೋಜನವಿಲ್ಲ. ಬದಲಿಗೆ ಬರಹಕ್ಕೆ ಅಂಕಿಅಂಶ, ಉಲ್ಲೇಖ, ಆಕರಗಳನ್ನು ಸೇರಿಸಿದರೆ ಉತ್ತರದಲ್ಲಿ ಅದರ ಗೋಚರತೆ ಶೇ 40ರವರೆಗೂ ಹೆಚ್ಚಬಲ್ಲದು. ಮೇಲ್ನೋಟಕ್ಕೆ ಇದು ಸಂತೋಷದ ಸಂಗತಿಯೇ. ಆದರೆ ಅಂಕಿಅಂಶ ಇರುವುದು ಬೇರೆ, ಅದು ಸತ್ಯವಾಗಿರುವುದು ಬೇರೆ. ಪ್ರಮಾಣಪತ್ರದ ಮೊಹರು ನೋಡಿ ಮಂಜೂರಾತಿ ಕೊಡುವ ಗುಮಾಸ್ತನನ್ನು ಒಲಿಸಿಕೊಳ್ಳಲು ಒಳ್ಳೆಯ ಮೊಹರೊಂದಿದ್ದರೆ ಸಾಕು.

ಪತ್ರಿಕೆಯ ಜಾಹೀರಾತಿಗೆ ಒಂದು ಚೌಕಟ್ಟಿರುತ್ತದೆ. ಓದುಗ ಅದನ್ನು ಕಂಡು, ಇದು ಮಾರುವವನ ಮಾತೆಂದು ತನ್ನ ಮನಸ್ಸಿನಲ್ಲಿ ಅಷ್ಟು ಕಳೆದುಕೊಂಡೇ ಓದುತ್ತಾನೆ. 2009ರ ಲೋಕಸಭಾ ಚುನಾವಣೆಯ ಸಂದರ್ಭದಲ್ಲಿ ‘ಕಾಸಿಗಾಗಿ ಸುದ್ದಿ’ಯ ಪಿಡುಗು ದೇಶವನ್ನು ಕಂಗೆಡಿಸಿದ್ದು ಈ ಚೌಕಟ್ಟು ಅಳಿಸಿಹೋದದ್ದರಿಂದಲೇ. ಅಲ್ಲಿ ಹಣ ಕೈ ಬದಲಾಯಿಸಿತ್ತು. ಹುಡುಕಿದರೆ ಜಾಡು ಸಿಗುವ ಸಾಧ್ಯತೆಯಾದರೂ ಇತ್ತು. ಇಲ್ಲಿ ಯಂತ್ರಕ್ಕೆ ಯಾರೂ ಬಿಡಿಗಾಸು ಕೊಟ್ಟಿಲ್ಲ. ಅದು ಓದುವ ಪುಟಗಳನ್ನು ಮಾತ್ರ ತಮಗೆ ಅನುಕೂಲವಾಗುವಂತೆ ಬರೆಸಿಟ್ಟಿದ್ದಾರೆ. ಕೊಳ್ಳುವವನಿಗಿಂತ ಮಾರುವವನಿಗೆ ಹೆಚ್ಚು ತಿಳಿದಿರುವ ಮಾರುಕಟ್ಟೆಯಲ್ಲಿ ಒಳ್ಳೆಯ ಸರಕೇ ಹಿಂದೆ ಸರಿಯುವ ಅಪಾಯವಿದೆಯೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿಯೇ ತೋರಿಸಿಕೊಟ್ಟಿದ್ದರು. ಆ ಅಂತರವನ್ನು ಕಿರಿದುಗೊಳಿಸಬೇಕಾದ ಸಾಧನವೇ ಮಾರುವವನ ವಕ್ತಾರನಾದರೆ ಗತಿಯೇನು?

ಹೊಸ ಕಾನೂನು ಬೇಕೆಂಬ ಕೂಗು ಸಹಜ. ನನಗೆ ಅಷ್ಟು ಅವಸರವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಾಹೀರಾತಿನ ವ್ಯಾಖ್ಯೆ ಎಷ್ಟು ವಿಶಾಲವೆಂದರೆ ಬೆಳಕು, ಶಬ್ದ, ಹೊಗೆ, ಅನಿಲದ ಮೂಲಕ ಮಾಡುವ ಪ್ರಚಾರವೂ ಅದರೊಳಗೆ ಬರುತ್ತದೆ. ಅಂತರ್ಜಾಲ, ಜಾಲತಾಣಗಳಂತೂ ಸ್ಪಷ್ಟವಾಗಿಯೇ ಇವೆ. (ಹೊಗೆಯಲ್ಲಿ ಜಾಹೀರಾತು ಕೊಟ್ಟವರನ್ನು ನನ್ನ ಸೇವಾವಧಿಯಲ್ಲಿ ಕಾಣಲಿಲ್ಲ.) ತಟಸ್ಥ ವಿಮರ್ಶೆಯ ವೇಷ ತೊಟ್ಟ ಕಂಪನಿಯ ಪಟ್ಟಿ ಜಾಹೀರಾತೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅಧಿಕಾರವಿದೆ, ಪ್ರಯೋಗಿಸಬೇಕಷ್ಟೆ. ಇದರೊಂದಿಗೆ, ಆಕರವು ಮಾರಾಟಗಾರನದೇ ಆಗಿದ್ದರೆ ಹಾಗೆಂದು ಉತ್ತರದಲ್ಲೇ ನಮೂದಿಸುವಂತೆ ಹುಡುಕುತಾಣಗಳಿಗೆ ನಿರ್ದೇಶನ ನೀಡುವುದು ಅವಶ್ಯ.

ಆದರೆ ದೋಷವೆಲ್ಲ ಕಂಪನಿಗಳದ್ದೇ ಎಂದರೆ ಆತ್ಮವಂಚನೆಯಾದೀತು. ಯಂತ್ರ ತನಗೆ ಸಿಕ್ಕಿದ್ದನ್ನು ಓದುತ್ತದೆ. ನಾವು ಅದಕ್ಕೆ ಓದಲು ಏನು ಕೊಟ್ಟಿದ್ದೇವೆ? ನಮ್ಮ ಇಲಾಖೆಗಳ ಎಷ್ಟೋ ಆದೇಶ, ವರದಿಗಳು ಓರೆಯಾಗಿ ಸ್ಕ್ಯಾನ್ ಮಾಡಿದ ಚಿತ್ರಗಳಾಗಿ ಜಾಲತಾಣದಲ್ಲಿ ಬಿದ್ದಿವೆ. ಇನ್ನಷ್ಟು ಕಡತಗಳು ಯೂನಿಕೋಡ್‌ಗೆ ಮೊದಲಿನ ‘ನುಡಿ’ ಅಕ್ಷರಶೈಲಿಯಲ್ಲಿದ್ದು, ಪರಿವರ್ತಿಸದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅಂತಹ ಆದೇಶಗಳಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕಡುಗೆಂಪು ಬಣ್ಣ, ಕಡಿಮೆ ಖಾರ ಅದರ ಹೆಗ್ಗಳಿಕೆ. ಅದನ್ನು ಬೆಳೆಯುವ ರೈತ ಜಿಇಒ ಸಲಹೆಗಾರನನ್ನು ನೇಮಿಸಿಕೊಳ್ಳಲಾರ. ಪುಡಿ ಮಾಡಿ ಪೊಟ್ಟಣ ಕಟ್ಟುವ ದೊಡ್ಡ ಕಂಪನಿ ನೇಮಿಸಿಕೊಳ್ಳಬಲ್ಲದು. ಯಾರ ಮಾತು ಉತ್ತರವಾಗಿ ಹೊಮ್ಮುತ್ತದೆಂದು ಊಹಿಸುವುದು ಕಷ್ಟವಲ್ಲ. ತೋಟಗಾರಿಕೆ ಇಲಾಖೆಯೂ ಕೃಷಿ ಮಾರಾಟ ಇಲಾಖೆಯೂ ತಮ್ಮಲ್ಲಿರುವ ಮಾಹಿತಿಯನ್ನು ಯೂನಿಕೋಡ್ ಕನ್ನಡದಲ್ಲಿ, ದಿನಾಂಕ ಮತ್ತು ಹೊಣೆಗಾರ ಅಧಿಕಾರಿಯ ಪದನಾಮದೊಂದಿಗೆ ಪ್ರಕಟಿಸಿದರೆ ಆ ರೈತನಿಗೂ ಒಬ್ಬ ಸಾಕ್ಷಿ ಸಿಕ್ಕಂತಾಗುತ್ತದೆ. ಇದಕ್ಕೆ ತಗಲುವ ವೆಚ್ಚ ಒಂದು ಉತ್ಸವದ ಪೆಂಡಾಲಿನಷ್ಟೂ ಆಗಲಾರದು.

ಇನ್ನು ನನ್ನ ನೀರಿನ ವಿಷಯ. ಯಂತ್ರ ಮೊದಲು ಸೂಚಿಸಿದ್ದು ದುಬಾರಿ ಆರ್‌ಒ ಮಾದರಿಯನ್ನು. ನಮ್ಮ ನೀರಿನಲ್ಲಿ ಲವಣವೆಷ್ಟಿದೆ ಎಂದು ಅದು ಕೇಳಿರಲಿಲ್ಲ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದೆ. ಲೀಟರಿಗೆ 340 ಮಿಲಿಗ್ರಾಂ ಬಂತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 500ರವರೆಗೆ ಸ್ವೀಕಾರಾರ್ಹ. ಗಡಸುತನವೂ ಮಿತಿಯಲ್ಲೇ ಇತ್ತು. ಆರ್‌ಒ ಇಲ್ಲದ ಸಾಧಾರಣ ಯಂತ್ರವೊಂದನ್ನು ಬಡಾವಣೆಯ ಅಂಗಡಿಯಲ್ಲೇ ಕೊಂಡು ತಂದೆ. ಆ ಮೂರು ಹೆಸರುಗಳಲ್ಲಿ ಅದು ಇರಲಿಲ್ಲ.